ಬಸಿದ ನೀರು ಎಲ್ಲಿಗೆ ಹೋಯಿತು?

ಆ ತಾಯಿ ನನ್ನ ಪ್ರಶ್ನಾವಳಿಯ 20 ಪ್ರಶ್ನೆಗಳಲ್ಲಿ 18ಕ್ಕೆ ಸರಿಯಾದ ಉತ್ತರ ಕೊಟ್ಟಿದ್ದರು. ಮಂಡ್ಯ ಸೀಮೆಯ ಒಂದು ಹಳ್ಳಿಯಿಂದ ವಾರಕ್ಕೆ ಎರಡು ಸಲ ಬಸ್ಸು ಹಿಡಿದು ಕೆಟ್ಟ ಮೂತ್ರಪಿಂಡದ ಬದಲು ಯಂತ್ರದಿಂದ ರಕ್ತ ಶುದ್ಧಿ ಮಾಡುವ ನಮ್ಮ ಡಯಾಲಿಸಿಸ್ ಘಟಕಕ್ಕೆ ಬರುತ್ತಿದ್ದ ಅವರಿಗೆ ಅರವತ್ತು ದಾಟಿತ್ತು. ಓದು ಬರಹ ಬಾರದ್ದರಿಂದ ಪ್ರಶ್ನೆಗಳನ್ನು ನಾನೇ ಓದಿ ಹೇಳುತ್ತಿದ್ದೆ. ಅವರು ಯಂತ್ರಕ್ಕೆ ಜೋಡಿಸಿದ ಕೈಯನ್ನು ಅಲುಗಿಸದೆ ಮಲಗಿದ್ದಲ್ಲಿಂದಲೇ ಉತ್ತರಿಸುತ್ತಿದ್ದರು. ಸೊಪ್ಪು ತರಕಾರಿಗಳಲ್ಲಿರುವ ಪೊಟ್ಯಾಸಿಯಂ ಕಡಿಮೆ ಮಾಡಲು ಏನು ಮಾಡಬೇಕು ಎಂಬ ಪ್ರಶ್ನೆಗೆ, ‘ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ಜಾಸ್ತಿ ನೀರಲ್ಲಿ ಬೇಯ್ಸಿ, ಆ ನೀರ ಬಸೀಬೇಕು’ ಎಂದು ನಾನು ಹೇಳಿಕೊಟ್ಟದ್ದಕ್ಕಿಂತಲೂ ಅಚ್ಚುಕಟ್ಟಾಗಿ ಹೇಳಿದ್ದರು. ಪೂರ್ತಿ ಅಂಕ ಹಾಕಿ ನಾನು ಮುಂದಿನ ಹಾಸಿಗೆಗೆ ಹೋಗಿದ್ದೆ. ಅದರ ಮುಂದಿನ ರಕ್ತಪರೀಕ್ಷೆಯಲ್ಲಿ ಅವರ ಪೊಟ್ಯಾಸಿಯಂ 6.4 ಇತ್ತು, ಮರುತಿಂಗಳು 6.6; ಎರಡೂ ಅಪಾಯದ ಮಟ್ಟ.

ಮೂರನೆಯ ತಿಂಗಳು ನಾನು ಪ್ರಶ್ನಾವಳಿಯನ್ನು ಬದಿಗಿಟ್ಟು, ಸ್ಟೂಲು ಎಳೆದುಕೊಂಡು ಅವರ ಪಕ್ಕ ಕುಳಿತು, ನಿನ್ನೆ ಮಧ್ಯಾಹ್ನದ ಅಡುಗೆಯನ್ನು ಒಲೆ ಹಚ್ಚಿದಲ್ಲಿಂದ ಹೇಳಿ ಎಂದೆ. ದಂಟಿನ ಸೊಪ್ಪು ಬಿಡಿಸಿದ್ದು, ತೊಳೆದು ಹೆಚ್ಚಿ ನೆನೆಹಾಕಿದ್ದು, ಹೆಸರುಕಾಳಿನ ಜೊತೆ ಬೇಯಿಸಿದ್ದು, ನೀರು ಬಸಿದದ್ದು, ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಿದ್ದು, ಎಲ್ಲವನ್ನೂ ಹೇಳಿದರು. ‘ಬಸಿದ ನೀರು ಏನಾಯಿತು?’ ಎಂದು ಕೇಳಿದಾಗ ಅವರು ನನ್ನನ್ನು ನೋಡಿದ ನೋಟ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಇದನ್ನೂ ಕೇಳಬೇಕೇ ಎನ್ನುವಂತೆ, ‘ಖಾರ ರುಬ್ಬಾಕಿ ಬಸ್ಸಾರು ಮಾಡ್ದೆ ಕಣವ್ವ’ ಎಂದರು.

ಹಳೇ ಮೈಸೂರು ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ಸಾರು ಎಂದರೆ ಬಸಿದ ಸಾರು; ಸೊಪ್ಪು ಕಾಳು ಬೆಂದ ಕಟ್ಟೇ ಅದರ ಜೀವ. ಉತ್ತರ ಕರ್ನಾಟಕದಲ್ಲಿ ಹೋಳಿಗೆಯ ಬೇಳೆ ಬಸಿದ ನೀರು ಕಟ್ಟಿನ ಸಾರಾಗುತ್ತದೆ, ಕರಾವಳಿಯಲ್ಲಿ ಅನ್ನ ಬಸಿದ ತಿಳಿಗೆ ಉಪ್ಪು ಬೆರೆಸಿ ಕುಡಿಯುತ್ತಾರೆ. ಬಸಿದ ನೀರಿನಲ್ಲೇ ಸಾರವಿದೆ, ಅದನ್ನು ಚೆಲ್ಲುವುದು ಪಾಪ ಎಂದು ನಂಬಿದ ಅಡುಗೆಮನೆಗಳಿಗೆ ನಾವು ‘ನೀರನ್ನು ಬಸಿಯಿರಿ’ ಎಂದು ಅಚ್ಚು ಹಾಕಿಸಿದ ಕರಪತ್ರ ಕೊಟ್ಟಿದ್ದೆವು. ಚೆಲ್ಲಿರಿ ಎಂಬ ಒಂದು ಮಾತು ಅದರಲ್ಲಿರಲಿಲ್ಲ. ಪೊಟ್ಯಾಸಿಯಂ ನೀರಿನಲ್ಲಿ ಕರಗುವ ಲವಣವಾದ್ದರಿಂದ ನೆನೆಸಿ ಬೇಯಿಸಿದಾಗ ಸೊಪ್ಪಿನಿಂದ ಹೊರಬಂದು ನೀರಿಗೆ ಸೇರುತ್ತದೆ. ಆ ತಾಯಿ ನಾನು ಹೇಳಿದ ಹಾಗೆ ನಿಷ್ಠೆಯಿಂದ ಅದನ್ನು ಹೊರತೆಗೆದು, ಅಷ್ಟನ್ನೂ ಮುದ್ದೆಯ ಜೊತೆ ಊಟ ಮಾಡಿದ್ದರು.

ಮೂತ್ರಪಿಂಡ ಕೆಲಸ ಮಾಡುವವರ ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್‌ಗಳ ನಡುವೆ ಇರುತ್ತದೆ. 6 ದಾಟಿದರೆ ಹೃದಯದ ಬಡಿತದ ಲಯ ತಪ್ಪುವ ಭಯವಿರುತ್ತದೆ, ಮತ್ತು ಅದು ಬಹಳ ಸಲ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ. ಹೀಗಾಗಿ 18 ಅಂಕ ಪಡೆದ ಆ ರೋಗಿಗೆ ನನ್ನ ಬೋಧನೆಯಿಂದ ಯಾವ ರಕ್ಷಣೆಯೂ ಸಿಕ್ಕಿರಲಿಲ್ಲ. ಆ ಪ್ರಶ್ನಾವಳಿ ನನ್ನ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಕ್ಕಾಗಿ ನಾನೇ ಸಿದ್ಧಪಡಿಸಿದ್ದು. ರೋಗಿಗಳಿಗೆ ಪೂರ್ವಪರೀಕ್ಷೆ, ಬಣ್ಣದ ಚಿತ್ರಪಟಗಳನ್ನು ತೋರಿಸಿ ಮುಕ್ಕಾಲು ಗಂಟೆಯ ವ್ಯವಸ್ಥಿತ ಬೋಧನೆ, ಏಳನೆಯ ದಿನ ಅದೇ ಪ್ರಶ್ನೆಗಳ ಉತ್ತರಪರೀಕ್ಷೆ. ಸರಾಸರಿ ಅಂಕ ಏರಿತ್ತು, ಸಂಖ್ಯಾಶಾಸ್ತ್ರದ ಲೆಕ್ಕ ಹೊಂದಿತ್ತು, ಬೋಧನಾ ಕಾರ್ಯಕ್ರಮ ಪರಿಣಾಮಕಾರಿ ಎಂದು ಬರೆದು ನಾನು ಪದವಿ ಪಡೆದಿದ್ದೆ. ಪದವಿಯ ನಂತರವೂ ಅದೇ ಸಾಧನವನ್ನು ನಂಬಿ ವಾರ್ಡಿನಲ್ಲಿ ಬಳಸುತ್ತಿದ್ದೆ.

ಇದನ್ನು ಬರೆಯುತ್ತಿರುವುದು ಪ್ರಬಂಧ ಬರೆಯುವ ನರ್ಸಿಂಗ್ ವಿದ್ಯಾರ್ಥಿಗಳನ್ನು ಹಳಿಯುವುದಕ್ಕಲ್ಲ. ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು, ಸ್ವಂತ ಹಣದಲ್ಲಿ ಕರಪತ್ರ ಅಚ್ಚು ಹಾಕಿಸಿ ಅವರು ಮಾಡುವ ಕೆಲಸವನ್ನು ನಾನು ಬಲ್ಲೆ. ಆದರೆ ನಮ್ಮ ಸಂಶೋಧನೆ ರೋಗಿಗೆ ಏನು ಗೊತ್ತಿದೆ ಎಂಬುದನ್ನು ಅಳೆಯುತ್ತಾ, ರೋಗಿ ಮನೆಯಲ್ಲಿ ಏನು ಮಾಡುತ್ತಾರೆ ಮತ್ತು ಅವರಿಗೆ ಏನಾಗುತ್ತಿದೆ ಎಂಬುದನ್ನು ಅಳೆಯದೆ ಬಿಟ್ಟಿದೆ ಎಂದು ನನಗೆ ಬಲವಾಗಿ ಅನ್ನಿಸಿದೆ. ಆರೋಗ್ಯ ಶಿಕ್ಷಣ ಒಂದು ಕಡೆ, ಔಷಧವಿಲ್ಲದೆ ನೋವು ಬಾಯಾರಿಕೆಗಳನ್ನು ತಗ್ಗಿಸುವ ಉಪಾಯಗಳು ಇನ್ನೊಂದು ಕಡೆ ಎಂದು ನಾವು ಎರಡು ಬೇರೆ ಬೇರೆ ವಿಷಯಗಳಾಗಿ ಪ್ರಬಂಧ ಬರೆಯುತ್ತೇವೆ. ಡಯಾಲಿಸಿಸ್ ಹಾಸಿಗೆಯ ಪಕ್ಕದಲ್ಲಿ ಇವೆರಡೂ ಒಂದೇ.

ನೀರಿನ ವಿಷಯವನ್ನೇ ನೋಡಿ. ಮೂತ್ರ ನಿಂತುಹೋದ ರೋಗಿಗೆ ದಿನಕ್ಕೆ ಸುಮಾರು ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ದ್ರವ ಮಾತ್ರ ಎಂದು ವೈದ್ಯರು ಮಿತಿ ಹಾಕುತ್ತಾರೆ. ಕುಡಿದ ಒಂದು ಲೀಟರು ದೇಹದಲ್ಲಿ ಒಂದು ಕಿಲೋ ತೂಕವಾಗಿ ಕೂರುತ್ತದೆ, ಅದನ್ನು ನಾಲ್ಕು ಗಂಟೆಯ ಡಯಾಲಿಸಿಸ್‌ನಲ್ಲಿ ಹೊರತೆಗೆಯಬೇಕಾಗುತ್ತದೆ. ಹೆಚ್ಚು ತೆಗೆದಷ್ಟೂ ಬಿ.ಪಿ. ಬೀಳುತ್ತದೆ, ಕಾಲು ಸೆಡೆತು ಹಿಡಿಯುತ್ತದೆ. ನಮ್ಮ ಕರಪತ್ರದಲ್ಲಿ ‘ದಿನಕ್ಕೆ ಮೂರು ಲೋಟ’ ಎಂದಿತ್ತು. ಒಂದು ವಾರ ರೋಗಿಗಳಿಗೆಲ್ಲ ಅವರವರ ಮನೆಯ ಲೋಟ ಮತ್ತು ಸೌಟು ತರಲು ಹೇಳಿ, 50 ಮಿಲಿಲೀಟರಿನ ಸಿರಿಂಜಿನಿಂದ ನೀರು ತುಂಬಿ ಅಳೆದೆ. ಒಂದು ಲೋಟ 150 ಮಿಲಿಲೀಟರು ಹಿಡಿಯಿತು, ಇನ್ನೊಂದು ಹಿತ್ತಾಳೆಯ ಲೋಟ 350 ಹಿಡಿಯಿತು. ಅದೇ ಮೂರು ಲೋಟ ಒಬ್ಬರಿಗೆ ಅರ್ಧ ಲೀಟರಿಗಿಂತ ಕಡಿಮೆ, ಇನ್ನೊಬ್ಬರಿಗೆ ಲೀಟರಿಗಿಂತ ಹೆಚ್ಚು. ಸಾರು, ಮಜ್ಜಿಗೆ, ಗಂಜಿ, ಪಾಯಸ ಇವೆಲ್ಲವೂ ನೀರಿನ ಲೆಕ್ಕಕ್ಕೇ ಸೇರುತ್ತವೆ ಎಂಬುದು ಬಹುಮಂದಿಗೆ ಹೊಳೆದಿರಲಿಲ್ಲ. ನೀರು ಎಂದರೆ ನೀರು, ಸಾರು ಎಂದರೆ ಊಟ. ಹಿತ್ತಾಳೆ ಲೋಟದ ಯಜಮಾನರು ಲೋಟವನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾ, ಇದು ತಮ್ಮ ತಂದೆಯವರದು, ಇದನ್ನು ಬಿಟ್ಟು ಬೇರೆಯದರಲ್ಲಿ ಕುಡಿದು ಅಭ್ಯಾಸವಿಲ್ಲ ಎಂದರು. ಒಳಗೆ 150ರ ಮಟ್ಟಕ್ಕೆ ಒಂದು ಗೆರೆ ಗೀಚಿಕೊಟ್ಟೆ. ಅವರು ಇಂದಿಗೂ ಅದರಲ್ಲೇ ಕುಡಿಯುತ್ತಾರೆ.

ಆದರೆ ಗೆರೆ ಗೀಚಿದ ಮಾತ್ರಕ್ಕೆ ಬಾಯಾರಿಕೆ ಹೋಗುವುದಿಲ್ಲ. ಮಾರ್ಚ್ ಏಪ್ರಿಲಿನ ಬಿಸಿಲಿನಲ್ಲಿ ಗದ್ದೆ ಬದುವಿನ ಮನೆಯಲ್ಲಿ ಕುಳಿತವರಿಗೆ ‘ನೀರು ಕುಡಿಯಬೇಡಿ’ ಎಂದು ಹೇಳಿ ಕಳುಹಿಸುವುದು ಬೋಧನೆಯಲ್ಲ, ಆಜ್ಞೆ. ಬಾಯಾರಿಕೆಯ ಮೂಲ ಉಪ್ಪಿನಲ್ಲಿದೆ. ಇದನ್ನು ತೋರಿಸಲು ನನ್ನ ಕೈಗೆ ದಿನವೂ ಸಿಗುವ ಸಲೈನ್ ಬಾಟಲಿಗಿಂತ ಒಳ್ಳೆಯ ಪಾಠೋಪಕರಣ ಬೇರೊಂದಿಲ್ಲ. ನಾರ್ಮಲ್ ಸಲೈನಿನ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿರುತ್ತದೆ, ನಮ್ಮ ರಕ್ತದ ಉಪ್ಪೂ ಹೆಚ್ಚುಕಡಿಮೆ ಅದೇ ಹದದ್ದು. ಹಾಗಾಗಿ ಮೂತ್ರವಿಲ್ಲದ ದೇಹಕ್ಕೆ 9 ಗ್ರಾಂ ಉಪ್ಪು ಹೋದರೆ, ಆ ಹದಕ್ಕೆ ಬರುವವರೆಗೆ, ಅಂದರೆ ಸುಮಾರು ಒಂದು ಲೀಟರು ನೀರು ಸಿಗುವವರೆಗೆ ದೇಹ ಬಾಯಾರಿಕೆಯನ್ನು ನಿಲ್ಲಿಸುವುದಿಲ್ಲ. ಉಪ್ಪನ್ನು ಒಂದು ಕಾಗದದ ಮೇಲೆ ತೂಗಿ ಬಾಟಲಿಯ ಪಕ್ಕ ಇಟ್ಟು ತೋರಿಸಿದಾಗ ‘ಹಂಗಾರೆ ಉಪ್ಪಿನ್ಕಾಯಿನೇ ನೀರು ಕುಡಿಸ್ತಾ ಇರೋದು’ ಎಂದು ಒಬ್ಬರು ತಾವಾಗಿಯೇ ಹೇಳಿದರು. ನಾನು ವರ್ಷಗಳಿಂದ ಹೇಳುತ್ತಿದ್ದ ಮಾತು ಅಂದು ಅವರದೇ ಮಾತಾಯಿತು. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲಿನ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಬಿ.ಪಿ.ಗೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ಕೇಳಿ ಡಯಾಲಿಸಿಸ್ ರೋಗಿಗಳು ಅದನ್ನು ತರಬಾರದು.

ಉಪ್ಪು ಕಡಿಮೆಯಾದ ಮೇಲೂ ಉಳಿಯುವ ಬಾಯಿ ಒಣಗುವಿಕೆಗೆ ಔಷಧವಿಲ್ಲದ ಉಪಾಯಗಳಿವೆ. ನೆದರ್ಲೆಂಡ್ಸ್‌ನಲ್ಲಿ 65 ಹೀಮೋಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪ್ರತಿಯೊಬ್ಬರೂ ಎರಡು ವಾರ ಚ್ಯೂಯಿಂಗ್ ಗಮ್, ಎರಡು ವಾರ ಕೃತಕ ಜೊಲ್ಲು, ಹೀಗೆ ಎರಡನ್ನೂ ಸರದಿಯಲ್ಲಿ ಬಳಸಿದರು. ಬಾಯಾರಿಕೆ ಮತ್ತು ಬಾಯಿಯ ಒಣಗು ಕಡಿಮೆಯಾದವು, ಆದರೆ ಡಯಾಲಿಸಿಸ್‌ಗಳ ನಡುವೆ ಏರುವ ತೂಕದಲ್ಲಿ ಗಮನಾರ್ಹ ಬದಲಾವಣೆಯಾಗಲಿಲ್ಲ. ತೂಕ ಇಳಿಯಲಿಲ್ಲವಾದ್ದರಿಂದ ಇದು ನಿಷ್ಫಲ ಎಂದು ಕೆಲವರು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ದಿನವಿಡೀ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುವ ಒಬ್ಬ ಮನುಷ್ಯನ ಬಾಯಿ ಸ್ವಲ್ಪ ಹಸಿಯಾಗುವುದು ತಾನೇ ಒಂದು ಫಲ. ನಮ್ಮಲ್ಲಿ ಹಿರಿಯರು ಗಮ್ ಅಗಿಯುವುದಿಲ್ಲ, ಹಲ್ಲೂ ಇರುವುದಿಲ್ಲ. ಅವರು ಏಲಕ್ಕಿ ಕಾಳನ್ನೋ ಒಂದು ಲವಂಗವನ್ನೋ ದವಡೆಯಲ್ಲಿಟ್ಟುಕೊಳ್ಳುತ್ತಾರೆ, ಬಾಯಿ ಮುಕ್ಕಳಿಸಿ ಉಗುಳುತ್ತಾರೆ, ಅಳತೆಗೆ ಸೇರಿಸಿಕೊಂಡು ಒಂದು ಮಂಜುಗಡ್ಡೆ ಚೀಪುತ್ತಾರೆ. ಏಲಕ್ಕಿಯ ಮಾತು ನನ್ನ ಅನುಭವದ್ದು ಮಾತ್ರ. ಇದನ್ನು ಯಾರಾದರೂ ನಮ್ಮ ಜಿಲ್ಲೆಗಳಲ್ಲಿ ಸರಿಯಾದ ಕ್ರಮದಲ್ಲಿ ಪರೀಕ್ಷಿಸಲಿ ಎಂಬುದು ನನ್ನ ಆಸೆ.

ಎಳನೀರಿನ ವಿಷಯ ಇನ್ನೂ ಕಠಿಣ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದಿನವೂ ಲಾರಿಗಳು ಹೊರಡುವ ಸೀಮೆಯಲ್ಲಿ, ಆಸ್ಪತ್ರೆಗೆ ರೋಗಿಯನ್ನು ನೋಡಲು ಬರುವ ನೆಂಟರು ಬರಿಗೈಯಲ್ಲಿ ಬರುವುದಿಲ್ಲ, ಎಳನೀರು ತರುತ್ತಾರೆ. ನೂರು ಮಿಲಿಲೀಟರು ಎಳನೀರಿನಲ್ಲಿ ಸುಮಾರು 250 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ದೊಡ್ಡದೊಂದು ಎಳನೀರು ಡಯಾಲಿಸಿಸ್ ರೋಗಿಯ ಇಡೀ ದಿನದ ಪಾಲಿನ ಮೂರನೆಯ ಒಂದು ಭಾಗವನ್ನು ಒಂದೇ ಗುಟುಕಿಗೆ ತೀರಿಸಿಬಿಡಬಲ್ಲದು. ಇಲ್ಲಿ ಬೋಧನೆ ಬೇಕಾಗಿರುವುದು ನೆಂಟರಿಗೆ. ರೋಗಿಯ ಅಂಕ ಅಳೆಯುವ ಯಾವ ಪ್ರಶ್ನಾವಳಿಯೂ ಬಾಗಿಲಲ್ಲಿ ಎಳನೀರು ಹಿಡಿದು ನಿಂತ ಅಣ್ಣನನ್ನು ತಲುಪುವುದಿಲ್ಲ.

ಇನ್ನು ಸೂಜಿಯ ನೋವು. ಇದರ ಬಗ್ಗೆ ನಾನು ಹೆಚ್ಚು ಬರೆಯಲೇಬೇಕು, ಏಕೆಂದರೆ ನಾವು ನರ್ಸುಗಳು ಇದಕ್ಕೆ ಒಗ್ಗಿಹೋಗಿದ್ದೇವೆ. ಫಿಸ್ಟುಲಾ ಎಂದರೆ ಕೈಯಲ್ಲಿ ಒಂದು ಅಪಧಮನಿಯನ್ನು ಅಭಿಧಮನಿಗೆ ಶಸ್ತ್ರಚಿಕಿತ್ಸೆಯಿಂದ ಜೋಡಿಸಿ, ಆ ಅಭಿಧಮನಿ ಹಿಗ್ಗಿ ಗಟ್ಟಿಯಾಗುವಂತೆ ಮಾಡುವುದು. ಅಮೆರಿಕದ ವೈದ್ಯರು ಇದನ್ನು 1966ರಲ್ಲಿ ಪ್ರಕಟಿಸಿದರು, ಇಂದಿಗೂ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಅದರ ಮೇಲೆ ಬೆರಳಿಟ್ಟರೆ ಜೇನುಗೂಡಿನ ಹಾಗೆ ಗುಂಯ್‌ಗುಡುವುದು ತಿಳಿಯುತ್ತದೆ. ಪ್ರತಿ ಡಯಾಲಿಸಿಸ್‌ಗೂ ಅದಕ್ಕೆ ಎರಡು ಸೂಜಿ ಚುಚ್ಚಬೇಕು, ಒಂದು ರಕ್ತ ಹೊರತೆಗೆಯಲು, ಇನ್ನೊಂದು ಹಿಂದಿರುಗಿಸಲು. ಸಾಮಾನ್ಯ ಇಂಜೆಕ್ಷನ್ ಸೂಜಿ ಸುಮಾರು 0.6 ಮಿಲಿಮೀಟರು ದಪ್ಪವಿದ್ದರೆ, 16 ಗೇಜಿನ ಫಿಸ್ಟುಲಾ ಸೂಜಿ 1.6 ಮಿಲಿಮೀಟರಿನಷ್ಟು ದಪ್ಪ. ವಾರಕ್ಕೆ ಮೂರು ಸಲ ಬರುವವರಿಗೆ ವರ್ಷಕ್ಕೆ 312 ಚುಚ್ಚು. ಎರಡು ಸಲ ಬರುವವರಿಗೂ 208. ‘ಅಭ್ಯಾಸವಾಗುತ್ತದೆ’ ಎಂದು ನಾವು ಹೇಳುತ್ತೇವೆ. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ ಎಂದು ಅವರು ಹೇಳುತ್ತಾರೆ.

ಇದಕ್ಕೆ ನಮ್ಮದೇ ದೇಶದ ನರ್ಸಿಂಗ್ ಸಂಶೋಧನೆಯಿಂದ ಬಂದ ಉತ್ತರವೊಂದಿದೆ. ದೆಹಲಿಯ ಏಮ್ಸ್‌ನಲ್ಲಿ 60 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಫಿಸ್ಟುಲಾ ಇಲ್ಲದ ಕೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಜಾಗಕ್ಕೆ, ಚುಚ್ಚುವ ಮೊದಲಿನಿಂದ ಚುಚ್ಚಿ ಮುಗಿಯುವವರೆಗೆ ಮಂಜುಗಡ್ಡೆಯ ತಂಪು ಕೊಟ್ಟು ನೋಡಿದರು. ಆ ಗುಂಪಿನವರ ನೋವು ಗಮನಾರ್ಹವಾಗಿ ಇಳಿಯಿತು ಎಂದು 2008ರಲ್ಲಿ ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿಯಲ್ಲಿ ಪ್ರಕಟಿಸಿದರು. ಚುಚ್ಚುವುದು ಒಂದು ಕೈಗೆ, ತಂಪು ಇನ್ನೊಂದು ಕೈಗೆ ಎಂಬುದು ಮೊದಲ ಸಲ ಓದಿದಾಗ ನನಗೂ ಒಗಟಾಗಿತ್ತು. ಮುಟ್ಟಿದ, ಉಜ್ಜಿದ ಸಂವೇದನೆಗಳು ಬೆನ್ನುಹುರಿಯಲ್ಲಿ ನೋವಿನ ದಾರಿಯ ಬಾಗಿಲನ್ನು ಅರ್ಧ ಮುಚ್ಚುತ್ತವೆ ಎಂದು ಮೆಲ್ಜಾಕ್ ಮತ್ತು ವಾಲ್ ಎಂಬ ನೋವಿನ ಸಂಶೋಧಕರು 1965ರಲ್ಲಿ ಹೇಳಿದ ಸಿದ್ಧಾಂತ ಎಲ್ಲ ನರ್ಸಿಂಗ್ ಪಠ್ಯಗಳಲ್ಲಿಯೂ ಇದೆ. ಪೆಟ್ಟು ಬಿದ್ದ ಕೂಡಲೆ ತಾಯಂದಿರು ಮಗುವಿನ ಮೊಣಕಾಲನ್ನು ಉಜ್ಜುವುದು ಅದರ ಬಲದಿಂದಲೇ. ಆದರೆ ದೇಹದ ಬೇರೆಲ್ಲೋ ಆಗುವ ತೀವ್ರ ಸಂವೇದನೆಯೂ ಮಿದುಳಿನಿಂದ ಕೆಳಗಿಳಿಯುವ ದಾರಿಯ ಮೂಲಕ ನೋವನ್ನು ತಗ್ಗಿಸುತ್ತದೆ ಎಂಬುದನ್ನು ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದು 1979ರಲ್ಲಿ. ಎದುರು ಕೈಯ ಮಂಜುಗಡ್ಡೆಗೆ ಈ ವಿವರಣೆಯೇ ಹೆಚ್ಚು ಹೊಂದುತ್ತದೆ ಎಂದು ನನಗೆ ತೋರುತ್ತದೆ. ಫಿಸ್ಟುಲಾ ಇರುವ ಕೈಗೆ ತಂಪು ಕೊಡದಿರುವುದರಲ್ಲಿ ಇನ್ನೊಂದು ಅನುಕೂಲವಿದೆ: ತಂಪಿಗೆ ರಕ್ತನಾಳ ಕುಗ್ಗುತ್ತದೆ, ಕುಗ್ಗಿದರೆ ನಮಗೆ ಚುಚ್ಚುವುದು ಕಷ್ಟ.

ನಮ್ಮ ಘಟಕದಲ್ಲಿ ವೈದ್ಯರ ಒಪ್ಪಿಗೆ ಪಡೆದು, ಬೇಕೆಂದವರಿಗೆ ಮಾತ್ರ, ತೆಳುವಾದ ಶುಭ್ರ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಕೊಡಲು ಆರಂಭಿಸಿದೆವು. ಸಕ್ಕರೆ ಕಾಯಿಲೆಯಿಂದ ಕೈ ಜೋಮು ಹಿಡಿದಿರುವವರಿಗೆ, ತಂಪಿಗೆ ಬೆರಳು ಬಿಳುಚಿಕೊಳ್ಳುವವರಿಗೆ ಕೊಡಲಿಲ್ಲ. ನೋವನ್ನು ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದು ಕೇಳುವುದು ಪುಸ್ತಕದ ಕ್ರಮ. ಎಪ್ಪತ್ತರ ಒಬ್ಬ ಅಜ್ಜ ಹತ್ತರ ಲೆಕ್ಕಕ್ಕೆ ಒಪ್ಪದೆ, ‘ಹೋದ್ಸಲ ಹನ್ನೆರಡಾಣೆ, ಈ ಸಲ ಆರಾಣೆ’ ಎಂದರು. ಹದಿನಾರಾಣೆ ಎಂದರೆ ಪೂರ್ತಿ ಎಂಬ ಅಳತೆ ಅವರ ಎಲುಬಿಗೆ ಇಳಿದಿತ್ತು. ನನ್ನ ದಾಖಲೆ ಪುಸ್ತಕದಲ್ಲಿ ಹಿರಿಯರ ನೋವು ಈಗ ಆಣೆಗಳಲ್ಲಿಯೇ ಇದೆ. ನಮ್ಮ ಮಾತಿನಲ್ಲಿ ಆಗಲೇ ಇರುವ, ಹದಿನಾರು ಮೆಟ್ಟಿಲುಗಳ ಅಷ್ಟು ಒಳ್ಳೆಯ ಅಳತೆಗೋಲನ್ನು ಬಿಟ್ಟು ಹೊರಗಿನ ಅಳತೆಗೋಲನ್ನು ಮಾತ್ರ ಅನುವಾದ ಮಾಡಿಕೊಳ್ಳುತ್ತಿರುವುದು ನನಗೆ ಬೇಸರ ತರುತ್ತದೆ.

ಮಂಜುಗಡ್ಡೆ ಎಲ್ಲರಿಗೂ ಒಗ್ಗಲಿಲ್ಲ. ಕೆಲವರು ಒಂದೇ ಸಲಕ್ಕೆ ಬೇಡವೆಂದರು, ಕೆಲವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಆದರೆ ಒಂದು ಬದಲಾವಣೆ ನಾನು ನಿರೀಕ್ಷಿಸದ ಕಡೆಯಿಂದ ಬಂತು. ನಮ್ಮ ರೋಗಿಗಳು ಸಾಮಾನ್ಯವಾಗಿ ‘ಅಲ್ಲೇ ಚುಚ್ಚಿ ಸಿಸ್ಟರ್, ಅಲ್ಲಿ ನೋವಾಗಲ್ಲ’ ಎಂದು ಹಳೆಯ ಜಾಗವನ್ನೇ ತೋರಿಸುತ್ತಾರೆ. ಪದೇ ಪದೇ ಚುಚ್ಚಿದ ಚರ್ಮ ಮರಗಟ್ಟಿರುತ್ತದೆ, ಅದಕ್ಕೇ ನೋವಿಲ್ಲ. ಅದೇ ಕಾರಣದಿಂದ ಅಲ್ಲಿನ ನಾಳದ ಗೋಡೆ ತೆಳುವಾಗಿ, ನಿಂಬೆಹಣ್ಣಿನ ಗಾತ್ರಕ್ಕೆ ಉಬ್ಬಿ, ಕೊನೆಗೆ ಒಡೆಯುವ ಅಪಾಯಕ್ಕೆ ಬರುತ್ತದೆ. ಏಣಿಯ ಮೆಟ್ಟಿಲಿನಂತೆ ಪ್ರತಿ ಸಲ ಜಾಗ ಬದಲಿಸಬೇಕು ಎಂದು ನಾನು ಬೋಧಿಸುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು, ಕೈ ಚಾಚಿದಾಗ ಮತ್ತೆ ಅದೇ ಉಬ್ಬನ್ನು ತೋರಿಸುತ್ತಿದ್ದರು. ನಾನು ಇದನ್ನು ಅಜ್ಞಾನವೆಂದು ಬರೆದುಕೊಂಡಿದ್ದೆ. ಮಂಜುಗಡ್ಡೆ ಹಿಡಿದ ಮೇಲೆ ಹಲವರು ಹೊಸ ಜಾಗಕ್ಕೆ ಚುಚ್ಚಲು ತಾವಾಗಿಯೇ ಒಪ್ಪಿದರು. ಅವರಿಗೆ ತಿಳಿವಳಿಕೆ ಮೊದಲಿನಿಂದಲೂ ಇತ್ತು. ಹೊಸ ಚರ್ಮದ ನೋವನ್ನು ತಡೆಯುವ ದಾರಿಯನ್ನು ನಾವು ಕೊಟ್ಟಿರಲಿಲ್ಲ.

ನನ್ನ ಈ ಅನುಭವ ಸಂಶೋಧನೆಯಲ್ಲ ಎಂಬ ಅರಿವು ನನಗಿದೆ. ಹೋಲಿಕೆಯ ಗುಂಪಿಲ್ಲ, ಮಂಜುಗಡ್ಡೆ ಕೊಟ್ಟವಳೂ ನಾನೇ, ನೋವನ್ನು ಕೇಳಿ ಬರೆದುಕೊಂಡವಳೂ ನಾನೇ. ಪಕ್ಕದಲ್ಲಿ ನಿಂತು ಹತ್ತು ನಿಮಿಷ ಗಮನ ಕೊಟ್ಟರೆ ಅಷ್ಟಕ್ಕೇ ನೋವು ಇಳಿಯುವುದುಂಟು, ಅದನ್ನು ಮಂಜುಗಡ್ಡೆಯ ಲೆಕ್ಕಕ್ಕೆ ಹಾಕಿದಂತಾಗಬಹುದು. ಔಷಧವಿಲ್ಲದ ಉಪಾಯಗಳಲ್ಲಿ ಹುಸಿ ಮಾತ್ರೆ ಕೊಟ್ಟು ಹೋಲಿಸಲಾಗದ ಕಾರಣ ಈ ತೊಡಕು ಯಾವಾಗಲೂ ಇರುತ್ತದೆ, ಆದರೆ ಬುದ್ಧಿವಂತಿಕೆಯಿಂದ ಅದನ್ನು ದಾಟಿದವರಿದ್ದಾರೆ. ತೀವ್ರ ಕಾಯಿಲೆಗಳಿಂದ ಸದಾ ಉಸಿರುಗಟ್ಟುವ 50 ಮಂದಿಗೆ ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನಿಂದ ಉಪಶಮನ ಸಿಗುತ್ತದೆಯೇ ಎಂದು ಇಂಗ್ಲೆಂಡಿನಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿಯೊಬ್ಬರೂ ಐದು ನಿಮಿಷ ಮುಖಕ್ಕೆ, ಐದು ನಿಮಿಷ ಕಾಲಿಗೆ ಗಾಳಿ ಬೀಸಿಕೊಂಡರು. ಫ್ಯಾನು ಅದೇ, ಹೊತ್ತೂ ಅಷ್ಟೇ. ಆದರೂ ಮುಖಕ್ಕೆ ಬೀಸಿದಾಗ ಉಸಿರಾಟದ ಸಂಕಟ ಹೆಚ್ಚು ಇಳಿಯಿತು. ಕೆನ್ನೆ, ಮೂಗು, ತುಟಿಗಳ ಸುತ್ತಲಿನ ನರಕ್ಕೆ ತಂಪು ತಗಲುವುದೇ ಇದಕ್ಕೆ ಕಾರಣವೆಂದು ತಿಳಿಯಲಾಗಿದೆ. ಕೆಲವೇ ರೂಪಾಯಿಯ ಒಂದು ಬೀಸಣಿಗೆಯನ್ನೂ ಅಷ್ಟು ಗೌರವದಿಂದ ಪರೀಕ್ಷಿಸಬಹುದು ಎಂಬುದನ್ನು ನಾನು ಅಲ್ಲಿ ಕಲಿತೆ.

ಬೋಧನೆಯ ಕಡೆಯೂ ಇಂಥದೇ ಒಂದು ಪಾಠ 2003ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೊದ ಅಧ್ಯಯನದಿಂದ ಬಂದಿದೆ. ಮಧುಮೇಹ ರೋಗಿಗಳು ವೈದ್ಯರನ್ನು ಕಂಡ ಭೇಟಿಗಳನ್ನು ಧ್ವನಿಮುದ್ರಿಸಿ ಕೇಳಿದಾಗ, ಹೊಸ ವಿಷಯ ಹೇಳಿದ 61 ಭೇಟಿಗಳಲ್ಲಿ 12ರಲ್ಲಿ ಮಾತ್ರ, ರೋಗಿಗೆ ಅದು ನೆನಪಿದೆಯೇ, ಅರ್ಥವಾಗಿದೆಯೇ ಎಂದು ವೈದ್ಯರು ತಿರುಗಿ ಕೇಳಿದ್ದರು. ಹಾಗೆ ವೈದ್ಯರು ತಿರುಗಿ ಕೇಳಿದ ರೋಗಿಗಳ ಸಕ್ಕರೆ ಹೆಚ್ಚು ಹತೋಟಿಯಲ್ಲಿತ್ತು. ‘ಅರ್ಥವಾಯಿತಾ?’ ಎಂದರೆ ನಮ್ಮ ಜನ ಆಯಿತು ಎಂದೇ ಹೇಳುತ್ತಾರೆ, ಇಲ್ಲವೆನ್ನುವುದು ಹೇಳಿದವರಿಗೆ ಅಗೌರವ. ‘ಮನೆಗೆ ಹೋಗಿ ಸೊಸೆಗೆ ಇದನ್ನು ಹೇಗೆ ಹೇಳುತ್ತೀರಿ, ಒಮ್ಮೆ ನನಗೆ ಹೇಳಿ ತೋರಿಸಿ’ ಎಂದರೆ ಕತೆಯೇ ಬೇರೆಯಾಗುತ್ತದೆ. ಈಗ ನಾನು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹೇಳಿಕೊಡುವ ಮೊದಲೇ ನಿನ್ನೆಯ ದಿನವನ್ನು ಅವರಿಂದ ಹೇಳಿಸುತ್ತೇನೆ: ಏನು ಬೇಯಿಸಿದಿರಿ, ಯಾವ ಪಾತ್ರೆಯಲ್ಲಿ, ಎಷ್ಟು ಹೊತ್ತಿಗೆ ಬಾಯಾರಿತು, ಆಗ ಏನು ಮಾಡಿದಿರಿ. ನಾಲ್ಕು ಗಂಟೆ ಅವರು ನನ್ನ ಎದುರಿಗೇ ಮಲಗಿರುತ್ತಾರೆ. ಬೇರೆ ಯಾವ ವಿಭಾಗದ ನರ್ಸಿಗೂ ಇಷ್ಟು ಹೊತ್ತು ಸಿಗುವುದಿಲ್ಲ. ಹಾಗೆಂದು ಇದು ಸುಲಭವೂ ಅಲ್ಲ; ಒಂದೇ ಪಾಳಿಯಲ್ಲಿ ಹಲವು ಯಂತ್ರಗಳು ಒಟ್ಟಿಗೆ ಕೂಗಿಕೊಳ್ಳುವಾಗ ಸ್ಟೂಲಿನ ಮೇಲೆ ಕೂರುವವರು ಯಾರು ಎಂಬ ಪ್ರಶ್ನೆ ನ್ಯಾಯವಾದದ್ದೇ. 2016ರ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ನಂತರ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸಿಗುವಂತಾದದ್ದು ದೊಡ್ಡ ಉಪಕಾರ. ಯಂತ್ರಗಳಿಗೆ ಹಣ ಒದಗಿದ ಹಾಗೆಯೇ ಹಾಸಿಗೆಯ ಪಕ್ಕ ಕುಳಿತು ಮಾತಾಡುವ ನರ್ಸಿನ ಹೊತ್ತಿಗೂ ಹಣ ಒದಗಬೇಕು ಎಂದು ಕೇಳುವ ಹಕ್ಕು ನಮಗಿದೆ, ಮತ್ತು ಆ ಬೇಡಿಕೆಗೆ ಆಧಾರ ಒದಗಿಸಬಲ್ಲದ್ದು ನಮ್ಮದೇ ಸಂಶೋಧನೆ.

ಈ ವರ್ಷ ಪ್ರಬಂಧದ ವಿಷಯ ಹುಡುಕುತ್ತಾ ನಮ್ಮ ಘಟಕಕ್ಕೆ ಬಂದ ಇಬ್ಬರು ವಿದ್ಯಾರ್ಥಿನಿಯರಿಗೆ ನಾನು ಪ್ರಶ್ನಾವಳಿ ಬೇಡವೆಂದು ಹೇಳಲಿಲ್ಲ. ಅದರ ಪಕ್ಕದಲ್ಲಿ ಇನ್ನೂ ಮೂರು ಅಂಕಣ ಹಾಕಿ ಎಂದೆ. ಒಂದರಲ್ಲಿ ಡಯಾಲಿಸಿಸ್‌ಗಳ ನಡುವಿನ ತೂಕ, ಒಂದರಲ್ಲಿ ತಿಂಗಳ ಪೊಟ್ಯಾಸಿಯಂ, ಒಂದರಲ್ಲಿ ರೋಗಿ ತನ್ನ ಮಾತಿನಲ್ಲೇ ಹೇಳಿದ ಬಾಯಾರಿಕೆ. ಏಳನೆಯ ದಿನಕ್ಕೆ ನಿಲ್ಲಿಸದೆ ಮೂರು ತಿಂಗಳು ನೋಡಿ ಎಂದೆ. ಒಬ್ಬಳು ಒಪ್ಪಿದಳು. ಅವಳು ಈಗ ಒಂದು ಕೈಚೀಲದಲ್ಲಿ ಸಿರಿಂಜು ಮತ್ತು ಅಳತೆಯ ಪಾತ್ರೆ ಇಟ್ಟುಕೊಂಡು ರೋಗಿಗಳ ಮನೆಗಳಿಗೆ ಹೋಗುತ್ತಿದ್ದಾಳೆ.

ಆ ತಾಯಿಯ ಬಸ್ಸಾರಿನ ಸಮಸ್ಯೆ ‘ಚೆಲ್ಲಿರಿ’ ಎಂಬ ಒಂದು ಮಾತಿನಿಂದ ಬಗೆಹರಿಯಲಿಲ್ಲ. ಸಾರಿಲ್ಲದೆ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ಅಗಿಯುವ ಊಟವಲ್ಲ ಅದು, ಅದ್ದಿ ನುಂಗುವ ಊಟ. ಮೊದಲ ವಾರ ಅವರು ಊಟವನ್ನೇ ಅರ್ಧ ಬಿಟ್ಟರು. ಆಗ ಸೊಸೆಯನ್ನು ಕರೆಸಿ, ಆಹಾರತಜ್ಞೆಯನ್ನೂ ಕೂರಿಸಿಕೊಂಡು ಮೂವರೂ ಸೇರಿ ಲೆಕ್ಕ ಹಾಕಿದೆವು. ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಸಿಯಂ ಹೆಚ್ಚಾದ್ದರಿಂದ ಮುದ್ದೆ ದಿನಕ್ಕೆ ಒಂದೇ, ಚಿಕ್ಕದು. ಹೀರೆಕಾಯಿ ಅಥವಾ ಸೋರೆಕಾಯಿಯನ್ನು ಹೆಚ್ಚಿ, ನೆನೆಸಿ, ಬೇಯಿಸಿ, ಆ ನೀರು ತೆಗೆದು, ಬೇರೆ ನೀರಿನಲ್ಲಿ ತೆಳುವಾಗಿ ಖಾರ ಕಲಸಿದ ಸಾರು, ಅವರ ಮನೆಯ ಸೌಟಿನಲ್ಲಿ ಎರಡು. ಆ ಸೌಟು 70 ಮಿಲಿಲೀಟರಿನದು, ಆದ್ದರಿಂದ ದಿನದ ನೀರಿನಲ್ಲಿ 140 ಕಡಿಮೆ. ಈ ಲೆಕ್ಕವನ್ನು ನನಗಿಂತ ಬೇಗ ಸೊಸೆ ಕಲಿತಳು. ಮುಂದಿನ ಎರಡು ತಿಂಗಳ ವರದಿಗಳಲ್ಲಿ ಪೊಟ್ಯಾಸಿಯಂ 5.7, ನಂತರ 5.4.

ಕಳೆದ ವಾರ ಅವರು ಬಂದಾಗ, ಎಡಗೈಯನ್ನು ಸೂಜಿಗೆ ಚಾಚಿ, ಬಲಗೈಗೆ ಮಂಜುಗಡ್ಡೆ ಒತ್ತಿಸಿಕೊಂಡು ಮಲಗಿದ್ದರು. ಮನೆಯಲ್ಲಿ ಉಳಿದವರು ಬಸ್ಸಾರು ಬಿಟ್ಟರೇ ಎಂದು ಕೇಳಿದೆ. ಇಲ್ಲ, ಅವರದು ಬೇರೆ ಪಾತ್ರೆ, ತಮ್ಮದು ಬೇರೆ ಪಾತ್ರೆ ಎಂದರು. ನಿಮ್ಮ ಪಾತ್ರೆಯ ಬಸಿದ ನೀರು ಎಲ್ಲಿಗೆ ಹೋಗುತ್ತದೆ ಎಂದೆ.

‘ಕಲಗಚ್ಚಿಗೆ ಹುಯ್ತಾಳೆ’ ಎಂದರು. ‘ಎಮ್ಮೆ ಕುಡೀತದೆ.’